ಪೈಥಾನ್ ಬರುತ್ತೆ, ಸಿ ಬರಲ್ಲ: ಮೂರನೇ ಸೆಮ್ ಡೇಟಾ ಸ್ಟ್ರಕ್ಚರ್ಸ್ ಎಲ್ಲಿಂದ ಶುರು ಮಾಡಲಿ?

ಬಳ್ಳಾರಿ_ಲ್ಯಾಟರಲ್

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಬಳ್ಳಾರಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿಗೆ ನೇರ ಮೂರನೇ ಸೆಮ್‌ಗೆ, ಅಂದರೆ ಲ್ಯಾಟರಲ್ ಆಗಿ, ಸೇರಿದ್ದೇನೆ. ಕಂಪ್ಯೂಟರ್ ಸೈನ್ಸ್, 2022ರ ಸ್ಕೀಮ್. ಡಿಪ್ಲೊಮಾದಲ್ಲಿ ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್ ಎಲ್ಲ ಪೈಥಾನ್‌ನಲ್ಲಿ ಆಗಿದೆ. ಇಲ್ಲಿ ಥಿಯರಿಯೂ ಸಿ, ಲ್ಯಾಬೂ ಸಿ. ಜೊತೆಯವರು ಮೊದಲ ವರ್ಷವೇ ಸಿ ಓದಿಕೊಂಡು ಬಂದವರು, ಮೇಷ್ಟ್ರು ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯಬಲ್) ಎಲ್ಲರಿಗೂ ಗೊತ್ತು ಅಂದುಕೊಂಡೇ ಪಾಠ ಮಾಡುತ್ತಾರೆ.

ಸಿ ಪೂರ್ತಿ ಕಲಿತು ಆಮೇಲೆ ಇದಕ್ಕೆ ಬರಬೇಕಾ, ಇಲ್ಲ ಬೇಕಾದಷ್ಟು ಮಾತ್ರ ಕಲಿತರೆ ಸಾಕಾ? ಲ್ಯಾಬಿನ 12 ಪ್ರೋಗ್ರಾಂಗಳನ್ನು ಯಾವ ಕ್ರಮದಲ್ಲಿ ಮಾಡಲಿ? ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್‌ದು, ವಿಂಡೋಸ್ ಹಾಕಿದರೆ ಉಸಿರಾಡಲ್ಲ.

ಸದ್ಯ ಸಿಕ್ಕಿಹಾಕಿಕೊಂಡಿರುವುದು 7ನೇ ಪ್ರೋಗ್ರಾಂನಲ್ಲಿ, ವಿದ್ಯಾರ್ಥಿಗಳ ಸಿಂಗ್ಲಿ ಲಿಂಕ್ಡ್ ಲಿಸ್ಟ್. ಮೂರು ತೊಂದರೆ: ಯುಎಸ್‌ಎನ್ (ವಿಟಿಯು ಕೊಡುವ ವಿದ್ಯಾರ್ಥಿ ನಂಬರ್) ಪ್ರಿಂಟ್ ಮಾಡಿದರೆ ಅದಕ್ಕೇ ಅಂಟಿಕೊಂಡು ಹೆಸರೂ ಬರುತ್ತದೆ. ಫೋನ್ ನಂಬರ್ ಕೆಲವೊಮ್ಮೆ ಮೈನಸ್ ಸಂಖ್ಯೆಯಾಗಿ ಬರುತ್ತದೆ. ಇನ್ನು ಲಿಸ್ಟ್‌ನ ಆರಂಭಕ್ಕೆ ನೋಡ್ ಸೇರಿಸುವ ಫಂಕ್ಷನ್ ಓಡಿಸಿ ಡಿಸ್‌ಪ್ಲೇ ಒತ್ತಿದರೆ ‘ಲಿಸ್ಟ್ ಖಾಲಿ’ ಅನ್ನುತ್ತದೆ. ಕಂಪೈಲ್ ಎರರ್ ಒಂದೂ ಇಲ್ಲ.

---

ಮುನಿರಾಬಾದ್_ಗೇಟ್

ಸಿ ಪೂರ್ತಿ ಕಲಿಯಲು ಕೂತರೆ ಮೊದಲ ಇಂಟರ್ನಲ್ಸ್ ಮುಗಿದೇ ಹೋಗಿರುತ್ತದೆ. ಅದರ ಅಗತ್ಯವೂ ಇಲ್ಲ. ಇಫ್, ಲೂಪ್, ಫಂಕ್ಷನ್ ನಿಮಗೆ ಪೈಥಾನ್‌ನಿಂದ ಬಂದಿದೆ, ಬ್ರೇಸ್ ಮತ್ತು ಸೆಮಿಕೋಲನ್ ಅಭ್ಯಾಸ ಆಗಬೇಕು ಅಷ್ಟೇ. ಹೊಸದಾಗಿ ಕಲಿಯಬೇಕಾದದ್ದು ಐದೇ ಸಂಗತಿ: ಅರೇ, ಸೊನ್ನೆಯಲ್ಲಿ ಮುಗಿಯುವ ಸ್ಟ್ರಿಂಗ್, ಸ್ಟ್ರಕ್ಟ್ (ಬೇರೆ ಬೇರೆ ಡೇಟಾ ಒಟ್ಟಿಗೆ ಇಡುವ ಕಟ್ಟು), ಪಾಯಿಂಟರ್, ಕೊನೆಗೆ ಮೆಮೊರಿ ಕೇಳುವ ಮ್ಯಾಲಕ್ ಮತ್ತು ಹಿಂದಿರುಗಿಸುವ ಫ್ರೀ ಜೋಡಿ. ಬಿಟ್‌ವೈಸ್, ಫೈಲ್, ಮ್ಯಾಕ್ರೋ ಎಲ್ಲ ಸದ್ಯ ಬಿಟ್ಟುಬಿಡಿ.

ಪೈಥಾನ್‌ನಲ್ಲಿ ಲಿಂಕ್ಡ್ ಲಿಸ್ಟ್ ಬರೆದವರಿಗೆ ಪಾಯಿಂಟರ್ ಅಪರಿಚಿತವೇನಲ್ಲ. ಅಲ್ಲಿ ನೋಡ್‌ನ ನೆಕ್ಸ್ಟ್‌ಗೆ ಇನ್ನೊಂದು ನೋಡ್ ಕೊಟ್ಟಾಗ ಒಳಗೆ ಹೋಗುತ್ತಿದ್ದುದು ವಿಳಾಸವೇ. ಪೈಥಾನ್ ಅದನ್ನು ಮುಚ್ಚಿಟ್ಟಿತ್ತು, ಸಿ ಬಿಚ್ಚಿಡುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ. ಜಾಗ ಎಷ್ಟು ಬೈಟ್ ಬೇಕೆಂದು ನೀವೇ ಕೇಳಬೇಕು, ಕೆಲಸ ಮುಗಿದ ಮೇಲೆ ನೀವೇ ಹಿಂದಿರುಗಿಸಬೇಕು, ಗಡಿ ದಾಟಿ ಬರೆದರೆ ತಡೆಯುವವರು ಯಾರೂ ಇಲ್ಲ.

ಅಭ್ಯಾಸಕ್ಕೆ ಹೀಗೆ ಮಾಡಿ. ಐದು ಇಂಟಿಜರ್‌ಗಳ ಅರೇ ಇಟ್ಟು ಪ್ರತಿಯೊಂದರ ವಿಳಾಸ ಪ್ರಿಂಟ್ ಮಾಡಿ, ನಾಲ್ಕು ನಾಲ್ಕು ಬೈಟ್ ಮುಂದೆ ಹೋಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಎರಡು ಸಂಖ್ಯೆ ಅದಲುಬದಲು ಮಾಡುವ ಫಂಕ್ಷನ್ ಬರೆಯಿರಿ, ಒಮ್ಮೆ ಪಾಯಿಂಟರ್ ಇಲ್ಲದೆ, ಒಮ್ಮೆ ಪಾಯಿಂಟರ್ ಹಾಕಿ. ಮೊದಲನೆಯದು ಯಾಕೆ ಕೆಲಸ ಮಾಡಲ್ಲ ಎಂದು ಗೊತ್ತಾದರೆ ನಿಮ್ಮ ‘ಲಿಸ್ಟ್ ಖಾಲಿ’ ಸಮಸ್ಯೆಗೂ ಉತ್ತರ ಸಿಗುತ್ತದೆ. ಮೂರನೆಯದು ಮುಖ್ಯ: ಲೂಪ್ ಇಲ್ಲದೆ, ಫಂಕ್ಷನ್ ಇಲ್ಲದೆ, ಮೇನ್ ಒಳಗೇ ಮ್ಯಾಲಕ್‌ನಿಂದ ಮೂರು ನೋಡ್ ಮಾಡಿ ಕೈಯಿಂದಲೇ ಜೋಡಿಸಿ. ಕಾಗದದ ಮೇಲೆ ಮೂರು ಚೌಕ ಬರೆದು 1000, 2000, 3000 ಎಂದು ಸುಳ್ಳು ವಿಳಾಸ ಕೊಡಿ, ಪ್ರತಿ ಸಾಲು ಓಡಿದಾಗ ಯಾವ ಚೌಕದಲ್ಲಿ ಯಾವ ಸಂಖ್ಯೆ ಕೂತಿತು ಅಂತ ಪೆನ್ಸಿಲ್‌ನಲ್ಲಿ ತಿದ್ದಿ. ಕಾಗದದಲ್ಲಿ ಬರೆಯಲಾಗದ್ದನ್ನು ಕೀಬೋರ್ಡ್‌ನಲ್ಲಿ ಕುಟ್ಟಿ ಪ್ರಯೋಜನವಿಲ್ಲ. ಕಂಪ್ಯೂಟರೇ ಚಿತ್ರ ಬರೆದು ತೋರಿಸಲಿ ಅಂದರೆ ಪೈಥಾನ್ ಟ್ಯೂಟರ್ ಸೈಟ್‌ನಲ್ಲಿ ಸಿ ಆಯ್ಕೆಯೂ ಇದೆ. ಒಂದೊಂದೇ ಸಾಲು ಓಡಿಸಿ ಬಾಣಗಳನ್ನು ತೋರಿಸುತ್ತದೆ.

4 ಜಿಬಿಗೆ ಲುಬುಂಟು (ಹಗುರ ಲಿನಕ್ಸ್) ಹಾಕಿ. ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಹಾಕಿದರೆ ಜಿಸಿಸಿ (ಸಿ ಕಂಪೈಲರ್) ಬರುತ್ತದೆ, ಬರೆಯಲು ಜೀನಿ ಎಡಿಟರ್ ಸಾಕು. ಟರ್ಬೊ ಸಿ ಮಾತ್ರ ಮುಟ್ಟಬೇಡಿ. ಅದು 16 ಬಿಟ್ ಕಾಲದ್ದು, ಅದರಲ್ಲಿ ಇಂಟ್ ಎರಡೇ ಬೈಟ್, 32767 ದಾಟಿದರೆ ಉಲ್ಟಾ ಹೊಡೆಯುತ್ತದೆ. ಕೋನಿಯೊ, ಕ್ಲಿಯರ್‌ಸ್ಕ್ರೀನ್ ಹಾಕಿ ಬರೆದ ಹಳೇ ನೋಟ್ಸ್ ಲ್ಯಾಬಿನ ಉಬುಂಟುವಿನಲ್ಲಿ ಕಂಪೈಲ್ ಆಗುವುದೇ ಇಲ್ಲ. ಬಸ್ಸಲ್ಲೋ ಪ್ಯಾಸೆಂಜರ್ ರೈಲಲ್ಲೋ ಓಡಾಡುವವರು ಫೋನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿ ಅದರೊಳಗೆ ಕ್ಲ್ಯಾಂಗ್ ಕಂಪೈಲರ್ ಇನ್‌ಸ್ಟಾಲ್ ಮಾಡಿಕೊಂಡರೂ ಕೆಲಸ ನಡೆಯುತ್ತದೆ.

---

ಸಿಂಧನೂರ್_ಸೋನಾ

ತಮ್ಮಾ, ನಿನ್ನ ಯುಎಸ್‌ಎನ್ ಅಳತೆ ಹತ್ತು ಅಂತ ಕೊಟ್ಟಿರ್ತೀ ನೋಡು, ಅಲ್ಲೇ ಐತಿ ತಪ್ಪು. ನಮ್ಮ ಕಡೆ ಯುಎಸ್‌ಎನ್ ಕಲಬುರಗಿ ವಿಭಾಗದ 3ರಿಂದ ಶುರು ಆಗಿ ಒಟ್ಟು ಹತ್ತು ಅಕ್ಷರ, ಲ್ಯಾಟರಲ್‌ನವರದು ಕೊನೀಗೆ ನಾಲ್ಕುನೂರರ ನಂಬರ್. ಹತ್ತು ಅಕ್ಷರಕ್ಕ ಹನ್ನೊಂದು ಜಾಗ ಬೇಕು, ಹನ್ನೊಂದನೇದು ಮುಕ್ತಾಯದ ಸೊನ್ನೆಗೆ. ಹತ್ತೇ ಕೊಟ್ರ ಆ ಸೊನ್ನೆ ಪಕ್ಕದ ಹೆಸರಿನ ಮೊದಲ ಮನೀಗೆ ಹೋಗಿ ಕುಂದರ್ತೈತಿ. ಆಮೇಲೆ ಹೆಸರು ಓದಿದಾಗ ಮೊದಲ ಅಕ್ಷರ ಆ ಸೊನ್ನೀನ ಅಳಿಸಿ ಹಾಕ್ತೈತಿ. ಪ್ರಿಂಟ್ಎಫ್ ಪಾಪ ಸೊನ್ನೆ ಹುಡುಕ್ಕೋತ ಹೋಗಿ ಹೆಸರೂ ಓದಿ ಬರ್ತೈತಿ. ಅದಕ್ಕ ಯುಎಸ್‌ಎನ್ ಜೊತೀಗೆ ಹೆಸರು ಅಂಟಿ ಬರೋದು. ಅಳತೆ 11 ಮಾಡು, ಓದುವಾಗ %10ಎಸ್ ಅಂತ ಮಿತಿ ಹಾಕು.

ಫೋನ್ ನಂಬರ್‌ಗೆ ಇಂಟ್ ಹಾಕೀ. ನಾಲ್ಕು ಬೈಟಿನ ಇಂಟ್ ಹಿಡಿಯೋದು 2147483647ರ ತನಕ ಅಷ್ಟೇ. ನಮ್ಮ ಮೊಬೈಲ್ ನಂಬರ್ 6, 7, 8, 9ರಿಂದ ಶುರು ಆಗೋ ಹತ್ತಂಕಿ, ಒಂದೂ ಅದರಾಗ ಹಿಡಿಯಂಗಿಲ್ಲ. ‘ಕೆಲವೊಮ್ಮೆ’ ಮೈನಸ್, ಕೆಲವೊಮ್ಮೆ ಪ್ಲಸ್ ಬಂದ್ರೂ ಎರಡೂ ಸುಳ್ಳೇ. ಅದರ ಮ್ಯಾಲೆ ಕೂಡಿಸಿ ಕಳೆಯೋ ಕೆಲಸ ಇಲ್ಲ, ಹಂಗಾಗಿ ಅದನ್ನೂ ಹನ್ನೊಂದರ ಸ್ಟ್ರಿಂಗ್ ಮಾಡು.

ಇನ್ನೊಂದು ನೀ ಕೇಳಿಲ್ಲ, ಆದ್ರ ನಾಳೆ ಬರ್ತೈತಿ. ಎಲ್ಲಾ ಒಂದೇ ಸ್ಕ್ಯಾನ್‌ಎಫ್‌ನಾಗ ಓದುವಾಗ, ಹೆಸರು ಬರೆದ ಮ್ಯಾಲೆ ಇನಿಶಿಯಲ್ ಹಾಕಿ ನಡುವ ಸ್ಪೇಸ್ ಬಿಟ್ರ %ಎಸ್ ಸ್ಪೇಸಿಗೇ ನಿಂತುಬಿಡ್ತೈತಿ. ಇನಿಶಿಯಲ್ ಹೋಗಿ ಬ್ರ್ಯಾಂಚ್‌ನಾಗ ಕುಂದರ್ತೈತಿ, ಬ್ರ್ಯಾಂಚ್ ಹೋಗಿ ಸೆಮ್ ಓದೋ %ಡಿಗೆ ಬಡೀತೈತಿ. %ಡಿ ಅಕ್ಷರ ನುಂಗಂಗಿಲ್ಲ, ಅಲ್ಲೇ ಬಿಡ್ತೈತಿ. ಮೆನು ಲೂಪಿನ ಛಾಯ್ಸ್ ಅದನ್ನೇ ಮತ್ತ ಮತ್ತ ಓದಾಕ ಹೋಗಿ ಸ್ಕ್ರೀನ್ ತುಂಬ ಮೆನು ಓಡ್ತಾ ಇರ್ತೈತಿ. ಎಕ್ಸ್‌ಟರ್ನಲ್ ಮುಂದ ಹಿಂಗ ಆದ್ರ ಕಂಟ್ರೋಲ್-ಸಿ ಒತ್ತೋದು ಬಿಟ್ರ ದಾರಿ ಇಲ್ಲ. ಹೆಸರನ್ನ ಎಫ್‌ಗೆಟ್ಸ್‌ನಿಂದ ಓದು, ಕೊನೀಗೆ ಬರೋ ನ್ಯೂಲೈನ್ ತೆಗೆದು ಹಾಕು. ಗೆಟ್ಸ್ ಬ್ಯಾಡ, ಅದನ್ನ 2011ರ ಸಿ ಸ್ಟ್ಯಾಂಡರ್ಡ್‌ನಾಗೇ ಕಿತ್ತು ಹಾಕ್ಯಾರ.

---

ಮುನಿರಾಬಾದ್_ಗೇಟ್

ಸೋನಾ ಅವರು ಹೇಳಿದ್ದಕ್ಕೆ ಸೇರಿಸಿ, ‘ಲಿಸ್ಟ್ ಖಾಲಿ’ ಬಗ್ಗೆ. ನಿಮ್ಮ ಫಂಕ್ಷನ್, ಲಿಸ್ಟ್‌ನ ಮೊದಲ ನೋಡ್ ತೋರಿಸುವ ಫಸ್ಟ್ ಎಂಬ ಪಾಯಿಂಟರನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಂಡು ವಾಯ್ಡ್ ಆಗಿ, ಅಂದರೆ ಏನನ್ನೂ ರಿಟರ್ನ್ ಮಾಡದೆ, ಮುಗಿಯುತ್ತಿರಬೇಕು. ಒಳಗೆ ಹೋಗುವುದು ಫಸ್ಟ್‌ನ ನಕಲು. ನಕಲನ್ನು ಹೊಸ ನೋಡ್‌ಗೆ ತಿರುಗಿಸಿದಿರಿ, ಫಂಕ್ಷನ್ ಮುಗಿಯಿತು, ನಕಲೂ ಹೋಯಿತು. ಮೇನ್‌ನಲ್ಲಿರುವ ಅಸಲಿ ಫಸ್ಟ್ ಇನ್ನೂ ನಲ್, ಅಂದರೆ ಯಾವ ನೋಡನ್ನೂ ತೋರಿಸುತ್ತಿಲ್ಲ. ಪೈಥಾನ್‌ನಲ್ಲಿ ಕ್ಲಾಸ್ ಒಳಗೆ ಸೆಲ್ಫ್.ಹೆಡ್ ಬದಲಿಸುತ್ತಿದ್ದುದರಿಂದ ಇದು ಕಾಣಿಸಲಿಲ್ಲ. ಫಂಕ್ಷನ್ ಹೊಸ ಫಸ್ಟ್ ಅನ್ನು ರಿಟರ್ನ್ ಮಾಡಲಿ, ಮೇನ್‌ನಲ್ಲಿ ‘ಫಸ್ಟ್ = ಇನ್ಸರ್ಟ್‌ಫ್ರಂಟ್(ಫಸ್ಟ್)’ ಎಂದು ಹಿಡಿದುಕೊಳ್ಳಿ. ಡಬಲ್ ಪಾಯಿಂಟರ್‌ನಿಂದಲೂ ಆಗುತ್ತದೆ, ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ನಕ್ಷತ್ರ ತಪ್ಪಿದರೂ ಕೆಡುತ್ತದೆ. ಗ್ಲೋಬಲ್ ಮಾಡಿದರೂ ಓಡುತ್ತದೆ, ಬಹಳ ಮ್ಯಾನುಯಲ್‌ಗಳಲ್ಲಿ ಹಾಗೇ ಇದೆ. ನನಗೆ ಹಿಡಿಸುವುದಿಲ್ಲ. ಎರಡು ಲಿಸ್ಟ್ ಬೇಕಾದ ದಿನ, ಅಂದರೆ 9ನೇ ಪ್ರೋಗ್ರಾಂನ ಪಾಲಿನೋಮಿಯಲ್ ಕೂಡಿಸುವ ಕಡೆ, ಕೈ ಕೊಡುತ್ತದೆ.

ಮ್ಯಾಲಕ್ ಒಳಗೆ ಏನು ಕೊಟ್ಟಿದ್ದೀರಿ ಅದನ್ನೂ ನೋಡಿಕೊಳ್ಳಿ. ಯುಎಸ್‌ಎನ್ 11, ಹೆಸರು 25, ಬ್ರ್ಯಾಂಚ್ 10, ಸೆಮ್ ಇಂಟ್, ಫೋನ್ 11, ಕೊನೆಗೆ ನೆಕ್ಸ್ಟ್ ಎಂದಿಟ್ಟರೆ 64 ಬಿಟ್ ಯಂತ್ರದಲ್ಲಿ ಸ್ಟ್ರಕ್ಟ್‌ನ ಗಾತ್ರ 72 ಬೈಟ್. ಕೂಡಿದರೆ 69 ಬರುತ್ತದೆ. ಸೆಮ್‌ಗೆ ಮುಂಚೆ ಎರಡು, ನೆಕ್ಸ್ಟ್‌ಗೆ ಮುಂಚೆ ಒಂದು ಬೈಟ್ ಕಂಪೈಲರ್ ಖಾಲಿ ಬಿಡುತ್ತದೆ. ವೈವಾದಲ್ಲಿ ಕೇಳುವ ಪ್ರಶ್ನೆ ಇದು. ಸೈಜ್‌ಆಫ್ ಒಳಗೆ ಸ್ಟ್ರಕ್ಟ್‌ನ ಬದಲು ಪಾಯಿಂಟರ್ ಹೆಸರು ಕೊಟ್ಟರೆ ಸಿಗುವುದು 8 ಬೈಟ್ ಮಾತ್ರ. ಮಜಾ ಏನೆಂದರೆ ಮೊದಲ ನೋಡ್ ಸರಿಯಾಗಿಯೇ ಕಾಣಿಸಬಹುದು. ಎರಡನೆಯದಕ್ಕೋ ಮೂರನೆಯದಕ್ಕೋ ಬಂದಾಗ ಹಳೇ ಡೇಟಾ ಕೆಡುತ್ತದೆ, ಇಲ್ಲ ಪ್ರೋಗ್ರಾಂ ಬಿದ್ದುಹೋಗುತ್ತದೆ. ತಪ್ಪಾದ ಸಾಲು ಒಂದು, ಕುಸಿಯುವ ಸಾಲು ಇನ್ನೊಂದು.

ಇದನ್ನು ಹಿಡಿಯಲು ಕಂಪೈಲ್ ಮಾಡುವಾಗ ಜಿಸಿಸಿಗೆ ಮೂರು ಆಪ್ಷನ್ ಸೇರಿಸಿ: ವಾರ್ನಿಂಗ್‌ಗೆ -ವಾಲ್, ಸಾಲಿನ ನಂಬರ್‌ಗೆ -ಜಿ, ಮೆಮೊರಿ ಕಾವಲಿಗೆ -ಎಫ್‌ಸ್ಯಾನಿಟೈಜ್=ಅಡ್ರೆಸ್. ಗಡಿ ದಾಟಿದ ಕ್ಷಣವೇ ಯಾವ ಸಾಲು, ಎಷ್ಟು ಬೈಟ್ ಅಂತ ಹೇಳಿ ನಿಲ್ಲಿಸುತ್ತದೆ. ಫ್ರೀ ಮಾಡಿದ ನೋಡ್‌ನ ನೆಕ್ಸ್ಟ್ ಓದಿದರೂ ಹಿಡಿಯುತ್ತದೆ. ಅಳಿಸುವ ಫಂಕ್ಷನ್‌ಗಳಲ್ಲಿ ಅದೇ ಸಾಮಾನ್ಯ ತಪ್ಪು, ಮೊದಲು ನೆಕ್ಸ್ಟ್ ಅನ್ನು ಬೇರೆ ಪಾಯಿಂಟರ್‌ನಲ್ಲಿ ಇಟ್ಟುಕೊಂಡು ಆಮೇಲೆ ಫ್ರೀ ಮಾಡಬೇಕು. ಆದರೆ ನಿಮ್ಮ ಯುಎಸ್‌ಎನ್ ತಪ್ಪು ಇದಕ್ಕೆ ಸಿಗಲ್ಲ, ಯಾಕಂದರೆ ಅದು ಅದೇ ಸ್ಟ್ರಕ್ಟ್‌ನೊಳಗೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಚೆಲ್ಲಿದ್ದು. ವಿಂಡೋಸ್‌ನ ಮಿನ್‌ಜಿಡಬ್ಲ್ಯೂನಲ್ಲಿ ಸಾಮಾನ್ಯವಾಗಿ ಈ ಕಾವಲು ಸಿಗುವುದಿಲ್ಲ, ಲುಬುಂಟು ಅಂದಿದ್ದಕ್ಕೆ ಇದೂ ಒಂದು ಕಾರಣ.

---

ಕೋಟೆ_ಕೆಳಗೆ

ಎಲ್ಲ ಸರಿ, ಆದರೆ ಸೆಮ್ ಪಾಸಾಗುವ ಲೆಕ್ಕವನ್ನೂ ಹೇಳಿ. ಥಿಯರಿ ಪೇಪರ್ 100 ಅಂಕದ್ದು, ಆಮೇಲೆ 50ಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ, ತಲಾ 20 ಅಂಕ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಎಕ್ಸ್‌ಟರ್ನಲ್‌ನಲ್ಲಿ 50ಕ್ಕೆ 18 ಬರಬೇಕು. ಎರಡೂ ಅಂಚಿನಲ್ಲಿ ಬಂದರೆ 38 ಆಗುತ್ತದೆ, ಆದರೆ ಒಟ್ಟು 40 ಬೇಕೇ ಬೇಕು. ಈ ಎರಡು ಅಂಕಕ್ಕೆ ಬ್ಯಾಕ್ ಬೀಳುವವರಿದ್ದಾರೆ.

ಲ್ಯಾಬಿನಲ್ಲಿ ರೈಟಪ್‌ಗೆ 20, ಓಡಿಸಿ ಔಟ್‌ಪುಟ್ ತೋರಿಸುವುದಕ್ಕೆ 60, ವೈವಾಕ್ಕೆ 20 ಪ್ರತಿಶತ. ಲಾಟರಿಯಲ್ಲಿ ಬಂದ ಪ್ರೋಗ್ರಾಂ ಒಮ್ಮೆ ಬದಲಿಸಬಹುದು, ಅಂಕ ಕಡಿತ ಆಗುತ್ತದೆ. 12 ಪ್ರೋಗ್ರಾಂ ಬಾಯಿಪಾಠ ಮಾಡಿದರೆ ಲ್ಯಾಬ್ ಮುಗಿಯಿತು ಎನ್ನುವುದು ನನ್ನ ಅಭಿಪ್ರಾಯ. ತಲೆ ಕೆಡಿಸಿಕೊಳ್ಳಬೇಕಾದದ್ದು ಥಿಯರಿಯ ಕೊನೆಯ ಎರಡು ಮಾಡ್ಯೂಲ್.

---

ಗಂಗಾವತಿ_ಗಣಕ

ಬಾಯಿಪಾಠದ ಮಾತು ಒಪ್ಪಲಾರೆ. ಮೇಲೆ ಹೇಳಿದ ಮೂರು ತಪ್ಪುಗಳಲ್ಲಿ ಒಂದು ಬಂದರೂ ಬಾಯಿಪಾಠದವರಿಗೆ ಆ 60 ಪ್ರತಿಶತ ಹೋಗುತ್ತದೆ, ಎಲ್ಲಿ ಹುಡುಕಬೇಕೆಂದು ಗೊತ್ತಿರುವುದಿಲ್ಲ. ಕೊನೆಯ ಎರಡು ಮಾಡ್ಯೂಲ್ ಬಗ್ಗೆ ಮಾತ್ರ ಅವರು ಹೇಳಿದ್ದು ಸರಿ, ಹ್ಯಾಶಿಂಗ್ ಮತ್ತು ಪ್ರಯಾರಿಟಿ ಕ್ಯೂ ಓದಲು ಸುಲಭ, ಅಂಕ ಚೆನ್ನಾಗಿ ಸಿಗುತ್ತದೆ, ಆದರೂ ಜನ ಬಿಟ್ಟುಬಿಡುತ್ತಾರೆ.

ಕ್ರಮದ ಬಗ್ಗೆ: ಮ್ಯಾನುಯಲ್‌ನ ಕ್ರಮವೇ ಹೆಚ್ಚುಕಡಿಮೆ ಸರಿಯಿದೆ. ನಿಮಗಾದರೆ 3ನೆಯದರಿಂದ ಶುರು ಮಾಡಿ. ಅರೇ ಮೇಲಿನ ಸ್ಟ್ಯಾಕ್, ಪಾಯಿಂಟರ್ ಬೇಕಿಲ್ಲ. ಅಲ್ಲಿಂದ 4, 5, 6. ಆಮೇಲೆ 7 ಮತ್ತು 8, ನಂತರ 10, ಅಂದರೆ ಬೈನರಿ ಸರ್ಚ್ ಟ್ರೀ, ಅದು ಲಿಂಕ್ಡ್ ಲಿಸ್ಟ್‌ಗೆ ಎರಡು ನೆಕ್ಸ್ಟ್ ಕೊಟ್ಟಂತೆಯೇ. 11 ಮತ್ತು 12 ಮತ್ತೆ ಅರೇ ಮೇಲಿನವು. 9ನೆಯದು ಕೊನೆಗೆ ಇರಲಿ.

4ನೆಯದು ಸಾಮಾನ್ಯ ಲೆಕ್ಕವನ್ನು ಪೋಸ್ಟ್‌ಫಿಕ್ಸ್‌ಗೆ, ಅಂದರೆ ಸಂಖ್ಯೆಗಳ ನಂತರ ಚಿಹ್ನೆ ಬರುವಂತೆ, ಬದಲಿಸುವುದು. ಅದರಲ್ಲಿ ಎಲ್ಲರೂ ಎಡವುವುದು ಘಾತದ ಚಿಹ್ನೆಯಲ್ಲಿ. + - * / ಎಡದಿಂದ ಬಲಕ್ಕೆ, ^ ಮಾತ್ರ ಬಲದಿಂದ ಎಡಕ್ಕೆ. 2^3^2 ಕೊಟ್ಟರೆ ಪೋಸ್ಟ್‌ಫಿಕ್ಸ್ 232^^ ಬರಬೇಕು, ಬೆಲೆ 2ರ ಘಾತ 9, ಅಂದರೆ 512. ಸ್ಟ್ಯಾಕ್ ಮೇಲಿನದು ಸಮ ಆದ್ಯತೆಯದಾದರೂ ಪಾಪ್ ಮಾಡು ಎಂಬ ಒಂದೇ ನಿಯಮ ಎಲ್ಲಕ್ಕೂ ಹಾಕಿದರೆ 23^2^ ಬರುತ್ತದೆ, ಬೆಲೆ 64. ^ಗೆ ಸ್ಟ್ಯಾಕ್‌ನೊಳಗಿನ ಆದ್ಯತೆ ಒಂದು, ಹೊರಗಿನಿಂದ ಬರುವಾಗ ಅದಕ್ಕಿಂತ ಹೆಚ್ಚು ಎಂದು ಎರಡು ಬೆಲೆ ಇಟ್ಟರೆ ಸರಿಹೋಗುತ್ತದೆ.

5ನೆಯದರಲ್ಲಿ ಪೋಸ್ಟ್‌ಫಿಕ್ಸ್‌ನ ಬೆಲೆ ಕಟ್ಟುವಾಗ ಮೊದಲು ಪಾಪ್ ಆಗುವುದು ಬಲಗಡೆಯ ಸಂಖ್ಯೆ. 62- ಎಂದರೆ 4. ತಿರುಗಾಮುರುಗಾ ಮಾಡಿದರೆ -4. 62/ಗೆ 3ರ ಬದಲು, ಇಂಟಿಜರ್ ಆದ್ದರಿಂದ, ಸೊನ್ನೆ. ಅಕ್ಷರ ‘2’ರ ಆಸ್ಕಿ ಬೆಲೆ 50, ಅದರಿಂದ 48 ಕಳೆಯದಿದ್ದರೆ ಉತ್ತರ ಎಲ್ಲೋ ಹೋಗುತ್ತದೆ. ಮತ್ತೆ ಸಿಯಲ್ಲಿ ^ ಎಂದರೆ ಘಾತ ಅಲ್ಲ, ಎಕ್ಸಾರ್. 2^3 ಎಂದು ನೇರ ಬರೆದರೆ 1 ಬರುತ್ತದೆ. ಪವ್ ಬಳಸಿ, ಕಂಪೈಲ್ ಮಾಡುವಾಗ ಕೊನೆಯಲ್ಲಿ -ಎಲ್‌ಎಂ ಸೇರಿಸಿ.

---

ಬಳ್ಳಾರಿ_ಲ್ಯಾಟರಲ್

ಎಲ್ಲರಿಗೂ ಥ್ಯಾಂಕ್ಸ್. ಯುಎಸ್‌ಎನ್ 11 ಮಾಡಿ, ಫಸ್ಟ್ ರಿಟರ್ನ್ ಮಾಡಿದ ಮೇಲೆ 7ನೆಯದು ಓಡಿತು. ಗಣಕ ಸರ್, 6ನೆಯದರಲ್ಲಿ ಸರ್ಕ್ಯುಲರ್ ಕ್ಯೂ ಗಾತ್ರ 5 ಕೊಟ್ಟಿದ್ದೇನೆ, ನಾಲ್ಕಕ್ಕೇ ‘ತುಂಬಿದೆ’ ಅನ್ನುತ್ತದೆ. ಮತ್ತೆ ಇನ್ಸರ್ಟ್ ಒತ್ತಿದರೆ ಅಕ್ಷರ ಕೇಳದೆಯೇ ಏನೋ ಸೇರಿಸಿಬಿಡುತ್ತದೆ. 11ನೆಯದರಲ್ಲಿ, ಅಂದರೆ ಊರುಗಳ ಗ್ರಾಫ್‌ನಲ್ಲಿ, ಬಿಎಫ್‌ಎಸ್ (ಹತ್ತಿರದ ಊರೆಲ್ಲ ಮೊದಲು) ಸರಿ ಬಂದು ಡಿಎಫ್‌ಎಸ್‌ಗೆ (ಒಂದು ದಾರಿ ಹಿಡಿದು ಕೊನೆವರೆಗೆ) ಶುರುವಿನ ಊರು ಒಂದೇ ಬರುತ್ತದೆ.

---

ಗಂಗಾವತಿ_ಗಣಕ

ಎರಡನೆಯದು ಮೊದಲು. ಛಾಯ್ಸ್ 1 ಒತ್ತಿ ಎಂಟರ್ ಹೊಡೆದಿರಲ್ಲ, %ಡಿ ಆ 1 ಮಾತ್ರ ತೆಗೆದುಕೊಂಡಿತು, ಎಂಟರ್ ಇನ್ನೂ ಬಫರ್‌ನಲ್ಲಿ ಉಳಿದಿದೆ. ಮುಂದಿನ %ಸಿ ಅದನ್ನೇ ಅಕ್ಷರ ಎಂದು ಎತ್ತಿಕೊಳ್ಳುತ್ತದೆ. %ಸಿಗೆ ಮುಂಚೆ ಒಂದು ಸ್ಪೇಸ್ ಹಾಕಿ, ಮುಗಿಯಿತು.

ನಾಲ್ಕಕ್ಕೆ ತುಂಬುವುದು ತಪ್ಪಲ್ಲ, ಅದೊಂದು ಪದ್ಧತಿ. ಫ್ರಂಟ್, ರಿಯರ್ ಎರಡೂ 0ಯಿಂದ ಶುರುವಾಗಿ, ಎರಡೂ ಸಮ ಇದ್ದರೆ ಖಾಲಿ, ರಿಯರ್‌ಗೆ ಒಂದು ಕೂಡಿಸಿ 5ರಿಂದ ಭಾಗಿಸಿದ ಶೇಷ ಫ್ರಂಟ್‌ಗೆ ಸಮವಾದರೆ ತುಂಬಿದೆ. ಖಾಲಿ ಮತ್ತು ತುಂಬಿದ್ದು ಒಂದೇ ರೀತಿ ಕಾಣಬಾರದೆಂದು ಒಂದು ಮನೆ ಬಲಿ ಕೊಡುತ್ತಾರೆ. ಐದೂ ಬೇಕಿದ್ದರೆ ಎರಡನ್ನೂ -1ರಿಂದ ಶುರು ಮಾಡಿ, ಮೊದಲ ಅಂಶ ಸೇರಿಸುವಾಗ ಫ್ರಂಟ್ 0 ಮಾಡಿ, ಕೊನೆಯ ಅಂಶ ತೆಗೆದಾಗ ಎರಡನ್ನೂ ಮತ್ತೆ -1ಕ್ಕೆ ತನ್ನಿ. ಇಲ್ಲವೇ ಕೌಂಟ್ ಎಂಬ ವೇರಿಯಬಲ್ ಇಟ್ಟುಬಿಡಿ, ಇದೇ ಸುಲಭ. ಒಬ್ಬರ ನೋಟ್ಸಿನ ಇನ್ಸರ್ಟ್, ಇನ್ನೊಬ್ಬರದರ ಡಿಲೀಟ್ ತಂದು ಸೇರಿಸಬೇಡಿ. ಒಂದು ಸುತ್ತು ಮುಗಿದ ಮೇಲೆ ಕ್ಯೂ ಖಾಲಿಯಿದ್ದರೂ ತುಂಬಿದೆ ಎನ್ನಲು ಶುರು ಮಾಡುತ್ತದೆ.

11ಕ್ಕೆ ಬಂದರೆ, ಬಿಎಫ್‌ಎಸ್ ಎಲ್ಲ ಊರನ್ನೂ ವಿಸಿಟೆಡ್ ಎಂದು ಗುರುತು ಹಾಕಿ ಹೋಗಿದೆ. ಡಿಎಫ್‌ಎಸ್ ಬಂದಾಗ ಹೋಗಲು ಊರೇ ಉಳಿದಿಲ್ಲ. ನಡುವೆ ಆ ಅರೇ ಪೂರ್ತಿ ಸೊನ್ನೆ ಮಾಡಿ.

ಪರೀಕ್ಷಿಸಲು ನಮ್ಮ ಊರುಗಳನ್ನೇ ಹಾಕಿಕೊಳ್ಳಿ. ಬಳ್ಳಾರಿ 0, ಹೊಸಪೇಟೆ 1, ಕೊಪ್ಪಳ 2, ಗಂಗಾವತಿ 3, ಸಿಂಧನೂರು 4, ರಾಯಚೂರು 5. ಏಕಮುಖ ದಾರಿಗಳು: 0ಯಿಂದ 1 ಮತ್ತು 4, 1ರಿಂದ 2 ಮತ್ತು 3, 2ರಿಂದ 3, 3ರಿಂದ 4, 4ರಿಂದ 5. ದಾರಿ ಇದ್ದಲ್ಲಿ 1 ಹಾಕುವ ಮ್ಯಾಟ್ರಿಕ್ಸ್‌ನಲ್ಲಿ ಒಟ್ಟು ಏಳು ಕಡೆ 1 ಬರಬೇಕು. ಹದಿನಾಲ್ಕು ಬಂದರೆ ಎರಡೂ ದಿಕ್ಕಿಗೆ ತುಂಬಿದ್ದೀರಿ, ಪ್ರಶ್ನೆಯಲ್ಲಿ ಕೇಳಿದ್ದು ಡೈಗ್ರಾಫ್, ಅಂದರೆ ಏಕಮುಖ ದಾರಿಗಳ ಗ್ರಾಫ್.

ಬಳ್ಳಾರಿಯಿಂದ ಬಿಎಫ್‌ಎಸ್: 0 1 4 2 3 5. ಡಿಎಫ್‌ಎಸ್: 0 1 2 3 4 5. ಗಂಗಾವತಿಯಿಂದ ಹೊರಟರೆ ಎರಡರಲ್ಲೂ 3 4 5 ಮಾತ್ರ. ಬಿಎಫ್‌ಎಸ್‌ನಲ್ಲಿ 0 1 4 2 3 5 3 ಎಂದು ಗಂಗಾವತಿ ಎರಡು ಸಲ ಬಂದರೆ, ಕ್ಯೂನಿಂದ ತೆಗೆಯುವಾಗ ಗುರುತು ಹಾಕುತ್ತಿದ್ದೀರಿ ಎಂದರ್ಥ. ಹೊಸಪೇಟೆ ಒಮ್ಮೆ 3ನ್ನು ಕ್ಯೂಗೆ ಹಾಕಿತು, ಅದು ಹೊರಬರುವ ಮುಂಚೆ ಕೊಪ್ಪಳ ಮತ್ತೊಮ್ಮೆ ಹಾಕಿತು. ಗುರುತು ಹಾಕಬೇಕಾದದ್ದು ಕ್ಯೂಗೆ ಸೇರಿಸುವಾಗ.

---

ಸಿಂಧನೂರ್_ಸೋನಾ

10ನೇದಕ್ಕೂ ಉತ್ತರ ಇಟ್ಕೋ ತಮ್ಮಾ, ಮ್ಯಾನುಯಲ್‌ನಾಗ ಕೊಟ್ಟಿರೋ ಸಂಖ್ಯೆ 6, 9, 5, 2, 8, 15, 24, 14, 7, 8, 5, 2. ಕೊನೀ ಮೂರು ಮತ್ತ ಬಂದಾವು, ಅವನ್ನ ಸೇರಿಸಬಾರದು. ಟ್ರೀ ಸುತ್ತೋ ಮೂರು ಕ್ರಮ ಹಿಂಗ ಬರಬೇಕು: ಇನ್‌ಆರ್ಡರ್ 2 5 6 7 8 9 14 15 24, ಪ್ರೀಆರ್ಡರ್ 6 5 2 9 8 7 15 14 24, ಪೋಸ್ಟ್‌ಆರ್ಡರ್ 2 5 7 8 14 24 15 9 6. ಇನ್‌ಆರ್ಡರ್‌ನಾಗ ಹನ್ನೆರಡು ಸಂಖ್ಯೆ ಬಂದ್ರ ಸಮ ಇದ್ದಾಗ ಏನ್ ಮಾಡ್ಬೇಕು ಅನ್ನೋ ಸಾಲು ಬಿಟ್ಟೀ. ಹಂಗ ಸಮ ಇದ್ದಾಗ ಸುಮ್ನ ರಿಟರ್ನ್ ಮಾಡೋ ಮುಂಚೆ ಮ್ಯಾಲಕ್ ಮಾಡಿದ ಹೊಸ ನೋಡ್ ಫ್ರೀ ಮಾಡು, ಇಲ್ಲಾಂದ್ರ ಪ್ರೋಗ್ರಾಂ ಮುಗಿಯೋವಾಗ ಆ ಕಾವಲು ಆಪ್ಷನ್ ಲೀಕ್ ಅಂತ ಕೂಗ್ತೈತಿ.